ಅಮ್ಮನ ಲಿಂಗಪೂಜೆಯೂ ವಿಯೆಟ್ನಾಂ ಪ್ರವಾಸವೂ

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಮೊಣಕಾಲು ನೋವೂ ಇದೆ. ಶುದ್ಧ ಸಸ್ಯಾಹಾರಿ; ಬೆಳಿಗ್ಗೆ ಲಿಂಗಪೂಜೆಯಾಗದೆ ಏನನ್ನೂ ತಿನ್ನುವುದಿಲ್ಲ. ಫೆಬ್ರವರಿಯಲ್ಲಿ ಅವರನ್ನು ಎಂಟು ದಿನ ವಿಯೆಟ್ನಾಂಗೆ ಕರೆದೊಯ್ಯಬೇಕೆಂದಿದ್ದೇನೆ. ಏಜೆಂಟರು ಕೊಟ್ಟ ಪಟ್ಟಿಯಲ್ಲಿ ಹನೋಯ್, ಹಾಲಾಂಗ್ ಕೊಲ್ಲಿ, ದನಾಂಗ್, ಹೊಯ್ ಆನ್, ಹೋ ಚಿ ಮಿನ್ ನಗರ ಎಲ್ಲವೂ ಇವೆ. ಭಾಷೆಯೇ ಬಾರದ ದೇಶದಲ್ಲಿ ಅವರನ್ನು ಹೇಗೆ ನಿಭಾಯಿಸಲಿ?
— ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಏಜೆಂಟರ ಪಟ್ಟಿಯಲ್ಲಿ ಅರ್ಧವನ್ನು ಹೊಡೆದುಹಾಕಿ. ದನಾಂಗ್ ಮತ್ತು ಹೊಯ್ ಆನ್ ನಡುವಿನ ದಾರಿ ಕೇವಲ 30 ಕಿಲೋಮೀಟರ್. ಐದು ದಿನ ಅಲ್ಲಿಯೇ ಒಂದೇ ಹೋಟೆಲಿನಲ್ಲಿದ್ದು, ಉಳಿದ ದಿನಗಳನ್ನು ಇನ್ನೊಂದು ಊರಿಗೆ ಮಾತ್ರ ಇಟ್ಟುಕೊಳ್ಳಿ. ತಿಂಗಳನ್ನೂ ಬದಲಿಸಿ. ಅವರ ಹೊಸ ವರ್ಷವಾದ ಟೆಟ್ ಹಬ್ಬ ಜನವರಿ ಕೊನೆಯಿಂದ ಫೆಬ್ರವರಿ 20ರೊಳಗೆ ಬರುವುದರಿಂದ ಆ ದಿನಗಳಲ್ಲಿ ಅಂಗಡಿ, ಹೋಟೆಲುಗಳು ಮುಚ್ಚಿರುತ್ತವೆ, ಊರಿಗೆ ಹೋಗುವವರಿಂದ ರೈಲು, ವಿಮಾನಗಳು ತುಂಬಿರುತ್ತವೆ. ಮಾರ್ಚ್ ಒಳ್ಳೆಯದು.

ನನ್ನ ಮೊದಲ ಚಿಂತೆ ಭಾಷೆಯದಲ್ಲ, ನಿಮ್ಮ ಮೊದಲ ಬೆಳಗಿನದು. ರಾತ್ರಿ ವಿಮಾನ ಹತ್ತಿದರೆ ಮುಂಜಾನೆ ಇಳಿಯುತ್ತೀರಿ. ಹೋಟೆಲಿನ ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ. ಸ್ನಾನವಿಲ್ಲ, ಪೂಜೆಯಿಲ್ಲ, ಹಾಗಾಗಿ ತಿಂಡಿಯೂ ಇಲ್ಲ ಎಂದು ತಾಯಿಯವರು ಸೋಫಾದ ಮೇಲೆ ಸುಮ್ಮನೆ ಕುಳಿತಿದ್ದರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅದು ನಿಷ್ಠೆಯ ಪ್ರಶ್ನೆಯಾಗಿ ಉಳಿಯದೆ ಅಪಾಯವಾಗುತ್ತದೆ. ಹಿಂದಿನ ರಾತ್ರಿಯಿಂದಲೇ ಕೋಣೆ ಕಾಯ್ದಿರಿಸಿ. ಒಂದು ದಿನದ ಬಾಡಿಗೆ ಹೆಚ್ಚಾದರೂ ಆಗಲಿ. ಪ್ರಯಾಣದ ದಿನದ ಇನ್ಸುಲಿನ್ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಳ್ಳಿ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮಾತ್ರ ಮುಂದಿರುವುದು ನಿಮಗೆ ಅನುಕೂಲ. ಇನ್ಸುಲಿನ್ ಮತ್ತು ಔಷಧಿ ಚೀಟಿ ಕೈಚೀಲದಲ್ಲೇ ಇರಲಿ. ವಿಮಾನದ ಹೊಟ್ಟೆಗೆ ಹೋಗುವ ಕೆಳಗಿನ ಸಾಮಾನಿನಲ್ಲಿ ಹಾಕಿದರೆ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ವಿಮೆ ಮಾಡಿಸುವಾಗ ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ.

ಇಷ್ಟಲಿಂಗವನ್ನಿಟ್ಟ ಕೊರಳಿನ ಬೆಳ್ಳಿ ಕರಡಿಗೆಗೆ ತಪಾಸಣೆಯ ಯಂತ್ರ ಕೂಗುವುದು ಸಹಜ. ಕೂಗಿದ ಮೇಲೆ ಹೇಳುವುದಕ್ಕಿಂತ ಮೊದಲೇ ಹೇಳುವುದು ಲೇಸು. ನಮ್ಮಲ್ಲಿ ಹೆಂಗಸರ ತಪಾಸಣೆ ಪರದೆಯೊಳಗೆ ಮಹಿಳಾ ಸಿಬ್ಬಂದಿಯಿಂದಲೇ ಆಗುತ್ತದೆ. ಹಿಂತಿರುಗುವಾಗ ತೋರಿಸಲು, ಇದು ಪೂಜೆಯ ವಸ್ತು, ದಯವಿಟ್ಟು ಕೈಯಿಂದ ಮುಟ್ಟದೆ ನೋಡಿ ಎಂದು ವಿಯೆಟ್ನಾಮೀಸ್ ಭಾಷೆಯಲ್ಲಿ ಬರೆಸಿದ ಚೀಟಿಯೊಂದು ಇರಲಿ. ಗಾಲಿಕುರ್ಚಿಯನ್ನು ಟಿಕೆಟ್ ತೆಗೆಸುವಾಗಲೇ ಕೇಳಿ. ತಾಯಿಯವರು ಬೇಡವೆನ್ನುತ್ತಾರೆ, ಆದರೂ ಕೇಳಿ.

ಊಟದ ವಿಷಯದಲ್ಲಿ "ಚಾಯ್" ಎಂಬ ಒಂದು ಪದ ಕಲಿತರೆ ಮುಕ್ಕಾಲು ಕೆಲಸ ಆದಂತೆ. ಅದು ಚಹಾ ಅಲ್ಲ, ಬೌದ್ಧರ ಸಸ್ಯಾಹಾರ. ಆ ಹೆಸರಿನ ಫಲಕವಿರುವ ಹೋಟೆಲುಗಳು ಊರೂರಿನಲ್ಲಿವೆ. ಅವರ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯಂದು ಅನೇಕರು ಮಾಂಸ ಬಿಡುವುದರಿಂದ ಅಂದು ಇನ್ನಷ್ಟು ಕಡೆ ಸಿಗುತ್ತದೆ. ಬೇರೆ ಹೋಟೆಲಿನಲ್ಲಿ ಬರೀ ತರಕಾರಿ ಎಂದರೆ ಸಾಲದು, ಮೀನಿನ ರಸ ಹಾಕಿಬಿಡುತ್ತಾರೆ. ಇನ್ನೊಂದು ಎಚ್ಚರಿಕೆ: ಚಾಯ್ ಊಟದಲ್ಲಿ ಸೋಯಾದಿಂದ ಮಾಡಿದ, ಕೋಳಿಯ ತುಂಡಿನಂತೆಯೇ ಕಾಣುವ ಪದಾರ್ಥಗಳು ಬರುತ್ತವೆ. ಮೊದಲೇ ತಿಳಿಸದಿದ್ದರೆ ತಾಯಿಯವರು ತಟ್ಟೆ ಸರಿಸಿ ಎದ್ದಾರು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ಕೆಳಗಿನ ಸಾಮಾನಿನಲ್ಲಿ ಹಾಕಿಕೊಳ್ಳಿ.

ನನ್ನ ತಾಯಿಯವರೊಂದಿಗೆ ಪರದೇಶಕ್ಕೆ ಹೋದಾಗ ಮೂರನೆಯ ದಿನದವರೆಗೆ ನನಗೆ ತಿಳಿಯದಿದ್ದ ಸಂಗತಿಯೊಂದಿದೆ: ದಾರಿಯಲ್ಲಿ ಶೌಚಾಲಯ ಕೇಳಲು ಸಂಕೋಚಪಟ್ಟು ಅವರು ಬೆಳಗಿನಿಂದ ನೀರನ್ನೇ ಕುಡಿಯುತ್ತಿರಲಿಲ್ಲ, ಸೀಸೆ ಮಾತ್ರ ಕೈಯಲ್ಲಿ ತುಂಬಿಯೇ ಇರುತ್ತಿತ್ತು. ಆದ್ದರಿಂದ ಬೇಕೇ ಎಂದು ಕೇಳಬೇಡಿ. ಎರಡು ಗಂಟೆಗೊಮ್ಮೆ ನೀವೇ ನಿಲ್ಲಿಸಿ. ವಿಯೆಟ್ನಾಂನ ಶೌಚಾಲಯಗಳಲ್ಲಿ ನೀರಿನ ಪೈಪು ಸಾಮಾನ್ಯವಾಗಿ ಇರುತ್ತದೆ, ಈ ಮಾತನ್ನೂ ಅವರಿಗೆ ಹೇಳಿ. ಹೋಟೆಲಿನ ವಿಳಾಸದ ಕಾರ್ಡು ಮತ್ತು ಸ್ವಲ್ಪ ಹಣ ಅವರ ಪರ್ಸಿನಲ್ಲಿಯೂ ಇರಲಿ. 20,000 ಮತ್ತು 5,00,000 ಡಾಂಗ್ ನೋಟುಗಳೆರಡೂ ನೀಲಿ. ಮೊದಲ ರಾತ್ರಿಯೇ ಮಂಚದ ಮೇಲೆ ಹರಡಿ ಸೊನ್ನೆ ಎಣಿಸಲು ಕಲಿಸಿ.

ವೀಸಾ ಅಂತರಜಾಲದಲ್ಲೇ ಸಿಗುತ್ತದೆ: ಒಂದು ಬಾರಿಯ ಪ್ರವೇಶಕ್ಕೆ 25 ಡಾಲರ್. ಸರ್ಕಾರದ ತಾಣದ ಹೋಲಿಕೆಯ ನಕಲಿ ತಾಣಗಳು ಹೆಚ್ಚು ವಸೂಲಿ ಮಾಡುತ್ತವೆ. ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಅಕ್ಷರಕ್ಕೆ ಅಕ್ಷರ ಇರಬೇಕು.

ನೋಡುವ ಜಾಗಗಳಲ್ಲಿ ಒಂದನ್ನು ಮಾತ್ರ ಬಿಡಬೇಡಿ. ಹೊಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಕಣಿವೆಯಲ್ಲಿ ಮೀ ಸೋನ್ ಎಂಬ, ಹಿಂದೆ ಈ ಭಾಗವನ್ನಾಳಿದ ಚಂಪಾ ರಾಜ್ಯದ ಅರಸರ ದೇವಾಲಯ ಸಮೂಹವಿದೆ. ಭದ್ರವರ್ಮನೆಂಬ ಅರಸ ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಇಲ್ಲಿ ಭದ್ರೇಶ್ವರನೆಂಬ ಹೆಸರಿನಲ್ಲಿ ಶಿವನನ್ನು ಸ್ಥಾಪಿಸಿದ. ನಿಮ್ಮ ಪಕ್ಕದ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮ ಶಾಸನ ಹಾಕಿಸಿದ್ದೂ ಅದೇ ಶತಮಾನದಲ್ಲಿ. 1969ರ ಅಮೆರಿಕದ ಬಾಂಬುಗಳಿಗೆ ಹಲವು ಗುಡಿಗಳು ಉರುಳಿದವು. ನಮ್ಮ ಪುರಾತತ್ವ ಸರ್ವೇಕ್ಷಣಾ ಇಲಾಖೆಯವರು ಜೀರ್ಣೋದ್ಧಾರ ಮಾಡುತ್ತಿದ್ದಾಗ, 2020ರಲ್ಲಿ, ಒಂಬತ್ತನೆಯ ಶತಮಾನದ ಏಕಶಿಲಾ ಲಿಂಗವೊಂದು ಮಣ್ಣಿನಿಂದ ಹೊರಬಂತು. ಬಾಗಿಲಿನಿಂದ ಒಳಗೆ ಸ್ವಲ್ಪ ದೂರ ವಿದ್ಯುತ್ ಗಾಡಿ ಹೋಗುತ್ತದೆ, ಮುಂದೆ ನಡೆಯಬೇಕು. ಬಿಸಿಲೇರುವ ಮೊದಲೇ ತಲುಪಿ. ಅಂದು ಇನ್ನೇನನ್ನೂ ಇಟ್ಟುಕೊಳ್ಳಬೇಡಿ. ಅಲ್ಲಿ ಎಷ್ಟು ಹೊತ್ತು ಕೂರಬೇಕೆಂಬುದನ್ನು ಅವರೇ ಹೇಳಲಿ.