ಕಬ್ಬಿಣದ ಹಡಗಿನ ಒಳಗೆ ಮರ ಯಾಕೆ?

ಪ್ರಶ್ನೆ: ಸರ್, ಕಡಲಿಗಿಳಿದ ಮೊದಲ ಉಕ್ಕಿನ ಕವಚದ ಯುದ್ಧನೌಕೆ ಫ್ರಾನ್ಸಿನ ಗ್ಲ್ವಾರ್ ಅಂತ ಒಂದು ಕಡೆ ಓದಿದೆ, ಇನ್ನೊಂದು ಕಡೆ ಅದು ಮರದ ಹಡಗು ಅಂತಿದೆ. ಯಾವುದು ಸರಿ? ಪೂರ್ತಿ ಕಬ್ಬಿಣದಲ್ಲೇ ಯಾಕೆ ಕಟ್ಟಲಿಲ್ಲ?
– ಓದುಗರು, ಸಾಗರ

ಉತ್ತರ: ಎರಡೂ ಸರಿ ಕಣ್ರೀ, 'ಉಕ್ಕು' ಅನ್ನೋದೊಂದು ಬಿಟ್ಟು. ಅದು ಉಕ್ಕಲ್ಲ, ಕಬ್ಬಿಣ. ಒಡಲು ಮರದ್ದು, ಮೇಲೆ ಕಬ್ಬಿಣದ ಹೊದಿಕೆ.

ಮೊದಲು ಕಬ್ಬಿಣ ಯಾಕೆ ಬಂತು ನೋಡಿ. 1853ರಲ್ಲಿ ಸಿನೋಪ್ ಬಂದರಲ್ಲಿ ರಷ್ಯನ್ನರು ಸಿಡಿಯೋ ಗುಂಡು ಹಾರಿಸಿ ತುರ್ಕರ ಮರದ ಹಡಗುಗಳನ್ನ ಸುಟ್ಟು ಹಾಕಿದ್ರು, ಮರದೊಳಗೆ ಹೊಕ್ಕು ಅಲ್ಲೇ ಸಿಡಿದ್ರೆ ಇನ್ನೇನು ಉಳಿಯುತ್ತೆ ಹೇಳಿ. ಎರಡೇ ವರ್ಷಕ್ಕೆ, 1855ರಲ್ಲಿ, ಫ್ರೆಂಚರ ಮೂರು ತೇಲೋ ತೋಪುಖಾನೆಗಳು ಮೈತುಂಬ ಕಬ್ಬಿಣ ಹೊದ್ದು ಕಪ್ಪು ಸಮುದ್ರದ ದಡದ ರಷ್ಯನ್ನರ ಕಿನ್‌ಬರ್ನ್ ಕೋಟೆ ಮುಂದೆ ನಿಂತ್ಕೊಂಡ್ವು, ಗುಂಡು ಬಡೀತಾನೇ ಇದ್ರೂ ತಗಡು ತೂತಾಗಲಿಲ್ಲ. ಆದ್ರೆ ಅವು ನಿಧಾನ, ಅಲ್ಲೀತನಕ ಬೇರೆ ಹಡಗು ಎಳ್ಕೊಂಡು ಹೋಗ್ಬೇಕಾಯ್ತು.

ಇದೇ ಹೊದಿಕೆ ಹೊತ್ತು ಸ್ವಂತ ಬಲದಲ್ಲಿ ಕಡಲಲ್ಲಿ ಓಡೋ ಹಡಗು ಬೇಕು ಅಂತ ದ್ಯುಪ್ವಿ ದ ಲೋಮ್ ಅನ್ನೋ ಎಂಜಿನಿಯರ್ ಗ್ಲ್ವಾರ್ ಡಿಸೈನ್ ಮಾಡಿದ್ರು, 1858ರಲ್ಲಿ ಟೂಲಾನ್‌ನಲ್ಲಿ ಕೆಲಸ ಶುರು, 1859ರ ನವೆಂಬರ್‌ನಲ್ಲಿ ನೀರಿಗೆ ಬಿಟ್ರು. ಉದ್ದ ಸುಮಾರು 78 ಮೀಟರ್, ತೂಕ 5,600 ಟನ್ ಚಿಲ್ಲರೆ, ತೋಪು 36. ಪೂರ್ತಿ ಕಬ್ಬಿಣದ ಒಡಲು ಅವರಿಗೆ ಹೊಳೀದೇ ಇರಲಿಲ್ಲ, ಆದ್ರೆ ಒಂದಾದ ಮೇಲೊಂದು ಅಂಥ ಹಡಗು ಕಟ್ಟೋವಷ್ಟು ಕಬ್ಬಿಣ ಆಗಿನ ಫ್ರಾನ್ಸಿನ ಕಾರ್ಖಾನೆಗಳಿಂದ ಬರ್ತಿರಲಿಲ್ಲ, ಮರದ ಕೆಲಸಗಾರರು ಮಾತ್ರ ಬೇಕಾದಷ್ಟಿದ್ರು.

ಹಡಗಿನ ಪಕ್ಕೆ ಕೊಯ್ದು ನೋಡಿದ್ರೆ ಹೊರಗೆ ಸುಮಾರು 12 ಸೆಂಟಿಮೀಟರ್ ದಪ್ಪದ ಕಬ್ಬಿಣ, ಅದರ ಹಿಂದೆ 43 ಸೆಂಟಿಮೀಟರ್ ಮರ, ಅಂದ್ರೆ ಹೆಚ್ಚುಕಮ್ಮಿ ಒಂದು ಮೊಳ. ಈ ಮರ ಬರೀ ಭರ್ತಿಗಲ್ಲ, ಗುಂಡಿನ ಪೆಟ್ಟು ಹೀರ್ಕೊಳ್ಳೋಕೆ ಹಿಂದೆ ಮೆತ್ತೆ ಥರ ಏನಾದ್ರೂ ಇರ್ಲೇಬೇಕು. ಬ್ರಿಟಿಷರು ಜವಾಬಾಗಿ 1860ರಲ್ಲಿ ನೀರಿಗಿಳಿಸಿದ ವಾರಿಯರ್ ಒಡಲು ಅಪ್ಪಟ ಕಬ್ಬಿಣ, ಅದರ ಕವಚದ ಹಿಂದೆಯೂ 46 ಸೆಂಟಿಮೀಟರ್ ತೇಗ ಇದೆ! ಹಾಗಾಗಿ ಕವಚದ ಹಿಂದಿನ ಮರ ತಪ್ಪಲ್ಲ, ಒಡಲೇ ಮರದ್ದಾಗಿದ್ದು ತೊಂದರೆ. ಮರದ ಒಡಲೊಳಗೆ ನೀರು ಒಂದು ಕೋಣೆಯಿಂದ ಇನ್ನೊಂದಕ್ಕೆ ನುಗ್ಗದ ಹಾಗೆ ಅಡ್ಡಗೋಡೆ ಬಿಗಿಯಾಗಿ ಕೂರಿಸೋಕಾಗಲ್ಲ, ವಾರಿಯರ್‌ನಲ್ಲಿ ಅವು ಇದ್ವು.

ನನಗೆ ಗ್ಲ್ವಾರ್‌ನಲ್ಲಿ ದೊಡ್ಡ ಕೊರತೆ ಅನ್ಸೋದು ಇನ್ನೊಂದು. ತೋಪಿನ ಕಿಂಡಿಗಳು ನೀರಿನಿಂದ ಬರೀ 1.9 ಮೀಟರ್ ಮೇಲೆ, ಎತ್ತರದ ಆಳು ನಿಂತಷ್ಟು, ಕಡಲು ಸ್ವಲ್ಪ ಕೆರಳಿದ್ರೂ ಅಲೆ ಒಳಗೇ ಬರುತ್ತೆ, ಕಿಂಡಿ ಮುಚ್ಚಿದ್ರೆ ತೋಪಿದ್ದೂ ಇಲ್ಲದ ಹಾಗೆ.

ಇದೇ ನಮೂನೆಯ ನಾರ್ಮಂಡಿ ಮತ್ತು ಆಂವ್ಯಾಂಸಿಬ್ಲ್ ಹಡಗುಗಳಿಗೆ ಹಾಕಿದ ಮರ ಚೆನ್ನಾಗಿರಲಿಲ್ಲ, ಕೊಳೆತು ಹತ್ತು ವರ್ಷದ ಸುಮಾರಿಗೇ ಸೇವೆಯಿಂದ ಹೊರಗಾದ್ವು. ಗ್ಲ್ವಾರ್ 1879ರ ತನಕ ಪಟ್ಟಿಯಲ್ಲಿತ್ತು, 1883ರಲ್ಲಿ ಒಡೆದ್ರು. ವಾರಿಯರ್ ಈಗಲೂ ಪೋರ್ಟ್ಸ್‌ಮತ್‌ನಲ್ಲಿ ನೀರಿನ ಮೇಲೇ ಇದೆ, ಆ ಕಡೆ ಹೋದ್ರೆ ಹತ್ತಿ ನೋಡಿ ಬನ್ನಿ.