ಹತ್ತನೆಯ ನೌಕರನನ್ನು ಸೇರಿಸಿಕೊಂಡರೆ ಎಷ್ಟು ತೆರಿಗೆ ಬೀಳುತ್ತದೆ?

ಹತ್ತಾದರೆ ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆ, ಕಟ್ಟಬೇಕಾಗುತ್ತದೆಂದು ಒಂಬತ್ತಕ್ಕೆ ನಿಲ್ಲಿಸಿ, ಹತ್ತನೆಯವನನ್ನು ಹಾಜರಿ ಪುಸ್ತಕದ ಹೊರಗೆ ಇಟ್ಟುಕೊಳ್ಳಲೇ ಎಂದು ಕೇಳಿದ್ದೀರಿ. ಪೀಣ್ಯದಲ್ಲಿ ಲೇತ್ ಹಾಕಿಕೊಂಡು ಕೂತ ಹೊಸದರಲ್ಲಿ ನಾನೂ ಇದೇ ಲೆಕ್ಕ ಹಾಕುತ್ತಿದ್ದೆ. ಅದೇ ಜಾಣತನ ಎಂದು ಪಕ್ಕದ ಶೆಡ್ಡಿನವರೂ ಹೇಳುತ್ತಿದ್ದರು. ಕೊನೆಗೆ ಏಟು ಬಿದ್ದದ್ದು ಮಾತ್ರ ಬೇರೆ ಕಡೆಯಿಂದ.

ಆ ಹೊತ್ತಿಗೆ ನಮ್ಮಲ್ಲಿ ಇಪ್ಪತ್ತು ಮಂದಿ ದಾಟಿ ಪಿಎಫ್ (ನೌಕರರ ಭವಿಷ್ಯ ನಿಧಿ) ಅನ್ವಯವಾಗಿತ್ತು. ಕೆಲಸವೆಲ್ಲ ಒಂದು ದೊಡ್ಡ ಕಂಪನಿಯ ಜಾಬ್ ವರ್ಕ್. ಮಾಲು ಇಳಿಸಿಕೊಂಡ ಮೇಲೆ ಬಿಲ್ಲಿನ ಹಣವನ್ನು ಮೂರು ತಿಂಗಳು ಎಳೆಯುವುದು ಅವರ ರೂಢಿ. ಸಂಬಳವನ್ನು ನಾನು ತಪ್ಪಿಸಿದವನಲ್ಲ. ಆದರೆ ಹುಡುಗರ ಸಂಬಳದಿಂದ ಪಿಎಫ್‌ಗೆಂದು ಕಡಿದ ಶೇ 12 ಮುಂದಿನ ತಿಂಗಳ 15ರವರೆಗೆ ನನ್ನ ಚಾಲ್ತಿ ಖಾತೆಯಲ್ಲೇ ಕೂತಿರುತ್ತಿತ್ತು. ಅಷ್ಟರಲ್ಲಿ ಉಕ್ಕಿನ ವ್ಯಾಪಾರಿ ನಗದು ಕೊಡದೆ ಬಾರ್ ಕಳಿಸುವುದಿಲ್ಲ ಎನ್ನುತ್ತಿದ್ದ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಆ ಹಣದಲ್ಲಿ ಉಕ್ಕು ಕೊಂಡೆ, ಕಂಪನಿಯಿಂದ ಹಣ ಬಂದಾಗ ಪಿಎಫ್ ಕಟ್ಟಿದೆ. ಕೆಲವೊಮ್ಮೆ ವಾರ ತಡ, ಕೆಲವೊಮ್ಮೆ ತಿಂಗಳು. ಪೂರ್ತಿ ಕಟ್ಟಿದ್ದೇನಲ್ಲ, ಒಂದು ರೂಪಾಯಿಯನ್ನೂ ನುಂಗಿಲ್ಲವಲ್ಲ ಎಂಬ ಸಮಾಧಾನ ಬೇರೆ.

ತಡವಾದ ದಿನಗಳಿಗೆ ವರ್ಷಕ್ಕೆ ಶೇ 12ರ ಬಡ್ಡಿ, ಅದರ ಮೇಲೆ ದಂಡ ಬಂದವು. ಅದನ್ನು ಹೇಗೋ ತಡೆದುಕೊಂಡೆ. ನಿಜವಾದ ಪೆಟ್ಟು ಬಿದ್ದದ್ದು ಆದಾಯ ತೆರಿಗೆಯಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಪಿಎಫ್‌ನಲ್ಲಿ ಎರಡು ಪಾಲು. ಮಾಲೀಕನ ಪಾಲನ್ನು ತಡವಾಗಿ ಕಟ್ಟಿದರೂ, ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಕಟ್ಟಿದ್ದರೆ, ಖರ್ಚು ಎಂದು ತೋರಿಸಬಹುದಿತ್ತು. ನೌಕರನ ಪಾಲಿಗೂ ಅದೇ ಸಲ್ಲುತ್ತದೆಂದು ನಮ್ಮ ಹೈಕೋರ್ಟೂ ಸೇರಿ ಹಲವು ಹೈಕೋರ್ಟುಗಳು ಹೇಳಿದ್ದವು. ನಾವೆಲ್ಲ ಅದನ್ನೇ ನಂಬಿಕೊಂಡಿದ್ದೆವು. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ನೌಕರನಿಂದ ಕಡಿದದ್ದು ಅವನ ಹಣ, ಮಾಲೀಕ ಅದನ್ನು ಅವನ ಪರವಾಗಿ ಇಟ್ಟುಕೊಂಡವನಷ್ಟೆ, ಪಿಎಫ್ ಕಾಯ್ದೆಯ ಗಡುವು ಮೀರಿದರೆ ಅದನ್ನು ಖರ್ಚೆಂದು ತೋರಿಸಲು ಬರುವುದಿಲ್ಲ ಎಂದಿತು. ಅಂದರೆ ಆಗಿನ ನಿಯಮದಲ್ಲಿ ಐದು ಲಕ್ಷ ಕಡಿದು ಗಡುವಿನ ಮರುದಿನ ಕಟ್ಟಿದ್ದರೂ ಆ ಐದು ಲಕ್ಷ ನನ್ನ ಆದಾಯ! ಶೇ 30ರ ಹಂತದಲ್ಲಿದ್ದವನಿಗೆ ಒಂದೂವರೆ ಲಕ್ಷ ತೆರಿಗೆ. ಹಣ ಹುಡುಗರ ಖಾತೆಗೆ ಸೇರಿಯಾಗಿದೆ, ತೆರಿಗೆ ಮಾತ್ರ ನಾನು ಕಟ್ಟಬೇಕಾಯಿತು. ಆಡಿಟರ್ ಹಾಳೆ ಮುಂದಿಟ್ಟಾಗ ಮೊದಲು ಅವರ ಮೇಲೆಯೇ ರೇಗಿದೆ. ಅವರು ಹಳೆಯ ಚಲನ್‌ಗಳ ತಾರೀಖು ತೋರಿಸಿ ಸುಮ್ಮನಾದರು.

ಹಾಗಾಗಿ ‘ಎಷ್ಟು ತೆರಿಗೆ ಬೀಳುತ್ತದೆ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅದರಲ್ಲಿ ಒಂದಿಷ್ಟು ನಿಮ್ಮ ಹಣವೇ ಅಲ್ಲ. ಸಂಬಳದ ದಿನವೇ ಕಡಿತದ ಮೊತ್ತವನ್ನು ಬೇರೆ ಖಾತೆಗೆ ಹಾಕಿ, ಆ ಖಾತೆಯ ಚೆಕ್ ಪುಸ್ತಕವನ್ನು ಕಣ್ಣಿಗೆ ಬೀಳದ ಕಡೆ ಇಡಿ. ಉಕ್ಕಿಗೆ ಹಣವಿಲ್ಲದಿದ್ದರೆ ಬ್ಯಾಂಕಿನಿಂದ ಓವರ್‌ಡ್ರಾಫ್ಟ್ ಸಾಲ ತೆಗೆದುಕೊಳ್ಳಿ. ಆ ಬಡ್ಡಿ ಇದಕ್ಕಿಂತ ಅಗ್ಗ.

ಹತ್ತನೆಯವನ ವಿಷಯ. ಹತ್ತಾದರೆ ಇಎಸ್‌ಐ ಬರುತ್ತದೆ, ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ. 18,000 ರೂಪಾಯಿಯ ಹೆಲ್ಪರ್‌ಗೆ ನಿಮ್ಮ ಪಾಲು ಶೇ 3.25, ಅಂದರೆ 585 ರೂಪಾಯಿ. ಅವನದು ಶೇ 0.75, ಅಂದರೆ 135. ಇದನ್ನು ಉಳಿಸಲು ಒಬ್ಬನನ್ನು ಮರೆಮಾಡುತ್ತೀರಾ? ನಮ್ಮ ಒಬ್ಬ ಹುಡುಗನ ಬೆರಳು ಲೇತ್‌ನಲ್ಲಿ ತಿರುಗುವ ಚಕ್‌ಗೆ ಸಿಕ್ಕಿತ್ತು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಯಿತು, ಕೆಲಸಕ್ಕೆ ಬರಲಾಗದ ದಿನಗಳಿಗೆ ಕೂಲಿಯ ಶೇ 90 ಅವನ ಕೈ ಸೇರಿತು. ಅವನು ಪುಸ್ತಕದಲ್ಲಿ ಇಲ್ಲದಿದ್ದರೆ ಅಷ್ಟೂ ನನ್ನ ತಲೆಗೆ ಬರುತ್ತಿತ್ತು, ಜೊತೆಗೆ ಮೊಕದ್ದಮೆ. ಹತ್ತನೆಯವನನ್ನು ನೌಕರನೆನ್ನದೆ ‘ಕನ್ಸಲ್ಟೆಂಟ್’ (ಹೊರಗಿನ ಸಲಹೆಗಾರ) ಎಂದು ಬರೆದುಕೊಳ್ಳುವ ಉಪಾಯವನ್ನೂ ಬಿಡಿ. ನೀವು ಹೇಳಿದ ಹೊತ್ತಿಗೆ ಬಂದು ನಿಮ್ಮ ಯಂತ್ರ ತಿರುಗಿಸುವವನನ್ನು ಯಾವ ಅಧಿಕಾರಿಯೂ ಕನ್ಸಲ್ಟೆಂಟ್ ಎಂದು ನಂಬುವುದಿಲ್ಲ.

ವೃತ್ತಿ ತೆರಿಗೆಗೆ ಇಷ್ಟೊಂದು ಹೆದರುವ ಅಗತ್ಯವಿಲ್ಲ. ಕರ್ನಾಟಕದಲ್ಲಿ 25,000 ರೂಪಾಯಿಗಿಂತ ಕಡಿಮೆ ಸಂಬಳದವರಿಗೆ ಅದು ಇಲ್ಲ. ಉಳಿದವರಿಗೆ ತಿಂಗಳಿಗೆ 200, 2025ರ ಏಪ್ರಿಲ್‌ನಿಂದಾಚೆಗೆ ಫೆಬ್ರುವರಿಯಲ್ಲಿ ಮಾತ್ರ 300. ಮುಂದಿನ ತಿಂಗಳ 20ರೊಳಗೆ ಕಟ್ಟಬೇಕು. ಮಾಲೀಕರಾಗಿ ನಿಮ್ಮದು ಬೇರೆ, ವರ್ಷಕ್ಕೆ 2,500. ಆದಾಯ ತೆರಿಗೆ ವ್ಯಾಪ್ತಿಗೆ ಬರುವಷ್ಟು ಸಂಬಳ ಯಾರಿಗಾದರೂ ಇದ್ದರೆ ಮೊದಲು ಟ್ಯಾನ್ (ತೆರಿಗೆ ಕಡಿದು ಕಟ್ಟುವವರಿಗೆ ಕೊಡುವ ಸಂಖ್ಯೆ) ಮಾಡಿಸಿ. ಸಂಬಳದಿಂದ ಕಡಿದ ಆದಾಯ ತೆರಿಗೆ, ಅಂದರೆ ಟಿಡಿಎಸ್, ಮುಂದಿನ ತಿಂಗಳ 7ರೊಳಗೆ ಹೋಗಬೇಕು, ಮಾರ್ಚ್ ತಿಂಗಳದ್ದಕ್ಕೆ ಏಪ್ರಿಲ್ 30ರವರೆಗೆ ಸಮಯವಿದೆ. ಅದನ್ನೂ ಆ ಬೇರೆ ಖಾತೆಯಲ್ಲೇ ಇಡಿ.