ಕೇಂಬ್ರಿಡ್ಜ್‌ಗೆ ಹೊರಟಿದ್ದೀರಿ, ಮನೆಯಲ್ಲಿ ಫಿಟ್ಸ್ ಇದೆ ಅಂದಿರಲ್ಲ

ಅಕ್ಕಾ ಅಂತ ಕರೆದು ಕೇಳಿದ್ದೀರಿ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ನಿಮಗೆ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಕೆಲಸ ಸಿಕ್ಕಿದೆ. ನಿಮ್ಮ ಹೆಂಡತಿಗೆ ಎರಡು ಥರದ ಮಾತ್ರೆ ಕೊಟ್ಟರೂ ಫಿಟ್ಸ್ ನಿಂತಿಲ್ಲ. ಅಲ್ಲಿ ಮಿದುಳಿಗೇ ನೇರವಾಗಿ ಔಷಧಿ ಬಿಡುತ್ತಾರಂತೆ, ನಮಗೂ ಸಿಗುತ್ತಾ ಅಂತ ಕೇಳಿದ್ದೀರಿ.

ಈಗ ಸಿಗುವುದಿಲ್ಲ. ಅದನ್ನೇ ನಂಬಿಕೊಂಡು ಬರಬೇಡಿ.

ಸುದ್ದಿ ಸುಳ್ಳೇನಲ್ಲ. 2018ರಲ್ಲಿ ಇಲ್ಲಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ಫ್ರಾನ್ಸಿನವರ ಜೊತೆ ಸೇರಿ ಮಾಡಿದ ಕೆಲಸ ಅದು. ಮಾತ್ರೆ ನುಂಗಿದರೆ ಔಷಧಿ ಮೈಗೆಲ್ಲ ಹರಡುತ್ತದೆ, ಮಿದುಳಿನ ಚೆನ್ನಾಗಿರುವ ಭಾಗಕ್ಕೂ ಹೋಗುತ್ತದೆ. ಆ ಮಂಪರು, ತಲೆಸುತ್ತು ನೀವು ನೋಡಿರುತ್ತೀರಿ. ಇವರು ತೀರಾ ತೆಳುವಾದ ಸಾಧನವೊಂದನ್ನು ಇಲಿಯ ಮಿದುಳಿನಲ್ಲಿ, ಫಿಟ್ಸ್ ಹುಟ್ಟುವ ಜಾಗದಲ್ಲೇ ಇಟ್ಟರು. ಫಿಟ್ಸ್ ಶುರುವಾಗುವ ಸುಳಿವನ್ನು ಅದರ ಎಲೆಕ್ಟ್ರೋಡ್ ಹಿಡಿಯುತ್ತದೆ. ಆಗ ಗಾಬಾ ಎಂಬ ರಾಸಾಯನಿಕವನ್ನು ಕರೆಂಟಿನಿಂದ ಹೊರಗೆ ತಳ್ಳುತ್ತಾರೆ. ನರಕೋಶಗಳನ್ನು ಶಾಂತ ಮಾಡಲು ಮಿದುಳೇ ತಯಾರಿಸುವ ವಸ್ತು ಅದು. ಔಷಧಿಯ ಕಣಗಳಷ್ಟೇ ಹೊರಬರುತ್ತವೆ, ಅದು ಕರಗಿರುವ ನೀರಲ್ಲ. ಹಾಗಾಗಿ ಒಳಗೆ ಒತ್ತಡ ಏರುವುದಿಲ್ಲ, ಬಾವು ಬರುವ ಭಯ ಕಡಿಮೆ. ಸಾಧನದಲ್ಲಿ ತುಂಬಿದ್ದರಲ್ಲಿ ಶೇಕಡಾ 1ಕ್ಕಿಂತ ಕಡಿಮೆ ಔಷಧಿಯೇ ಸಾಕಾಯಿತು. ಓದಿದಾಗ ನನಗೂ ಆಸೆ ಚಿಗುರಿತ್ತು, ನನ್ನ ಮಗನಿಗೂ ಇದೇ ಕಾಯಿಲೆ. ಆದರೆ ಅದು ಇಲಿಗಳ ಮೇಲಿನ ಪ್ರಯೋಗ. ಮೆಲ್ಬರ್ನ್‌ನಲ್ಲಿ ಮನುಷ್ಯರ ಮಿದುಳಿನ ದ್ರವಕ್ಕೆ ಪಂಪಿನಿಂದ ಫಿಟ್ಸ್ ಔಷಧಿಯಾದ ವಾಲ್‌ಪ್ರೊಯೇಟ್ ಬಿಟ್ಟು ನೋಡಿದ್ದಾರೆ. ಅದೂ ಬೆರಳೆಣಿಕೆಯ ಜನರಲ್ಲಿ.

ನಾನು ನಿಮ್ಮ ಜಾಗದಲ್ಲಿದ್ದರೆ ಹೊರಡುವ ಮುಂಚೆ ನಿಮ್ಹಾನ್ಸ್‌ಗೆ ಹೋಗುತ್ತಿದ್ದೆ. ಎರಡು ಔಷಧಿ ಸರಿಯಾಗಿ ಕೊಟ್ಟರೂ ನಿಲ್ಲದಿದ್ದರೆ ಮಿದುಳಿನ ಆಪರೇಷನ್ ಆಗುತ್ತದಾ ಅಂತ ನೋಡಿಸಲೇಬೇಕು. ಅಲ್ಲಿ ವಿಡಿಯೋ ಇಇಜಿ (ವಿಡಿಯೋ ತೆಗೆಯುತ್ತಲೇ ಮಿದುಳಿನ ವಿದ್ಯುತ್ ಅಲೆ ನೋಡುವ ಪರೀಕ್ಷೆ), ಆಪರೇಷನ್ ಎರಡೂ ಮಾಡುತ್ತಾರೆ. ಇಲ್ಲಿಯೂ ಮಾಡುತ್ತಾರೆ, ಆದರೆ ಸರದಿ ಉದ್ದ. ಮೊದಲು ಜಿಪಿ, ಅಂದರೆ ಮನೆ ಹತ್ತಿರದ ಸಾಮಾನ್ಯ ಡಾಕ್ಟರು, ನೋಡಬೇಕು, ಅವರ ಪತ್ರದ ಮೇಲೆ ನ್ಯೂರಾಲಜಿಸ್ಟ್, ಆಮೇಲೆ ದೊಡ್ಡ ಆಸ್ಪತ್ರೆ. ತಿಂಗಳುಗಟ್ಟಲೆ ಹಿಡಿಯುತ್ತದೆ.

ಇನ್ನೊಂದು ಮುಖ್ಯವಾದ ಮಾತು. ಅವರು ವಾಲ್ಪರಿನ್ ತಗೊಳ್ತಾ ಇದ್ದಾರಾ? ಅದು ವಾಲ್‌ಪ್ರೊಯೇಟ್. ಬಸುರಿಯಲ್ಲಿ ತಗೊಂಡರೆ ಸುಮಾರು 9ರಲ್ಲಿ 1 ಮಗುವಿಗೆ ಹುಟ್ಟಿನಿಂದಲೇ ದೋಷ ಬರಬಹುದು. 10ರಲ್ಲಿ 3–4 ಮಕ್ಕಳಿಗೆ ಬೆಳವಣಿಗೆ, ಕಲಿಕೆ ಹಿಂದೆ ಬೀಳಬಹುದು. 2024ರ ಜನವರಿಯಿಂದ ಇಲ್ಲಿ ನಿಯಮ ತುಂಬಾ ಬಿಗಿ. 55 ದಾಟದವರಿಗೆ ಹೊಸದಾಗಿ ಶುರು ಮಾಡಬೇಕಾದರೆ ಇಬ್ಬರು ತಜ್ಞರು ಒಪ್ಪಬೇಕು. ಹಾಗಾಗಿ ಇಲ್ಲಿನ ಡಾಕ್ಟರು ಈ ವಿಷಯ ಎತ್ತೇ ಎತ್ತುತ್ತಾರೆ. ಹೆದರಿ ನೀವಾಗಿಯೇ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಮಗು ಬೇಕು ಅಂತ ಯೋಚನೆ ಇದ್ದರೆ ಊರಲ್ಲೇ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ.

ಔಷಧಿಯ ಮೂಲ ಹೆಸರು ಬರೆಸಿಕೊಂಡು ಬನ್ನಿ. ಲೆವಿಪಿಲ್ ಅಂದರೆ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಲೆವೆಟಿರಾಸೆಟಮ್ ಅನ್ನಬೇಕು. ಎಂಆರ್‌ಐ ಸಿಡಿ, ಡಾಕ್ಟರ ಪತ್ರ, ಒಂದೆರಡು ತಿಂಗಳ ಮಾತ್ರೆ ಕೈಚೀಲದಲ್ಲೇ ಇರಲಿ. ಬಂದ ವಾರವೇ ಜಿಪಿ ಹತ್ತಿರ ಹೆಸರು ಬರೆಸಿ. ಫಿಟ್ಸ್‌ಗೆ ದಿನವೂ ಔಷಧಿ ಬೇಕಾದವರಿಗೆ ಇಂಗ್ಲೆಂಡಿನಲ್ಲಿ ಒಂದು ವಿನಾಯಿತಿ ಸರ್ಟಿಫಿಕೇಟ್ ಕೊಡುತ್ತಾರೆ, ಅದಿದ್ದರೆ ಜಿಪಿ ಬರೆದುಕೊಡುವ ಎಲ್ಲ ಔಷಧಿಯೂ ಪುಕ್ಕಟೆ. ಬಹಳ ಜನಕ್ಕೆ ಗೊತ್ತಿರುವುದಿಲ್ಲ, ಸುಮ್ನೆ ದುಡ್ಡು ಕಟ್ಟುತ್ತಿರುತ್ತಾರೆ.

ಕಾರು ಮಾತ್ರ ಅವರು ಓಡಿಸಬಾರದು. ಎಚ್ಚರ ತಪ್ಪುವ ಫಿಟ್ಸ್ ಆದಮೇಲೆ 12 ತಿಂಗಳು ಒಂದೂ ಬರದಿದ್ದರೆ ಮಾತ್ರ ಓಡಿಸಬಹುದು. ಆದ್ದರಿಂದ ಬಸ್ಸು ಚೆನ್ನಾಗಿರುವ ಕಡೆಯೇ ಮನೆ ನೋಡಿ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.